ಅಜ್ಜನವರು ವಿಡಿಯೋ ಗೇಮ್ ಆಡಿದ್ದು

ಪರಮಪೂಜ್ಯ ಶ್ರೀ ಚಿದ್ಘನ ಶಿವಯೋಗಿಗಳು ಕಪ್ಪರಗಟ್ಟಿಯ ಮಠದಲ್ಲಿ ನೆಲೆಸಿದ್ದ ಕಾಲದಲ್ಲಿ, ದರ್ಶನಕ್ಕೆಂದು ಬಂದ ಹೊಸಬರು ಸಾಮಾನ್ಯವಾಗಿ ಅವರನ್ನೇ "ಅಜ್ಜಾರು ಎಲ್ಲಿದ್ದಾರ್ರೀ?" ಎಂದು ಕೇಳುತ್ತಿದ್ದರು. ಗದ್ದುಗೆಯ ಹಿಂದಿನ ತಗಡಿನ ಚಪ್ಪರದಲ್ಲಿ, ಮಂಡಿಯ ಮೇಲೆ ಗೋಣಿಚೀಲ ಹಾಸಿಕೊಂಡು, ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚುತ್ತ ಕುಳಿತ ಆ ಕೃಶಕಾಯರೇ ಪೀಠದ ಒಡೆಯರೆಂದು ಯಾರಿಗೆ ಹೊಳೆಯಬೇಕು? ಶ್ರೀಗಳೂ ಬೇಗನೆ ಹೇಳುತ್ತಿರಲಿಲ್ಲ. "ಇಲ್ಲೇ ಎಲ್ಲೋ ಇರಬೇಕು. ಬರೂತನಕ ಈ ಎಲಿ ಒರಸು" ಎಂದು ಒಂದು ಕಟ್ಟು ಎಲೆಯನ್ನು ಬಂದವರ ತೊಡೆಯ ಮೇಲೆ ಇಡುತ್ತಿದ್ದರು. ಎಲೆ ಒರೆಸಿ ಮುಗಿಸುವಷ್ಟರಲ್ಲಿ ಅರ್ಧ ಜನರ ಸಂಕಟ ಇಳಿದಿರುತ್ತಿತ್ತು. ಉಳಿದರ್ಧ ಜನರಿಗೆ ಶ್ರೀಗಳು ಒಂದೆರಡು ಮಾತು ಹೇಳುತ್ತಿದ್ದರು.

ಅಂಥ ಒಂದೆರಡು ಮಾತಿನ ಪ್ರಸಂಗವಿದು. ಊರಿನಲ್ಲಿ ಇದನ್ನು ಬಗೆಬಗೆಯಾಗಿ ಹೇಳುವವರಿದ್ದಾರೆ. ಯಂತ್ರದ ಗಾಜಿನಲ್ಲಿ ಶಿವಲಿಂಗ ಮೂಡಿತು ಎನ್ನುವವರಿದ್ದಾರೆ, ಕರೆಂಟು ಹೋದರೂ ಗೊಂಬೆ ಕುಣಿಯಿತು ಎನ್ನುವವರಿದ್ದಾರೆ. ಅವುಗಳಲ್ಲಿ ಬಹುಪಾಲು ನಾನೇ ಹಬ್ಬಿಸಿದವು. ಕೆಳಗೆ ಬರೆದದ್ದು ಮಾತ್ರ ಖರೆ.

ಮಠದ ಮುಂದೆ ಮಠಕ್ಕೇ ಸೇರಿದ ಮಳಿಗೆಗಳ ಸಾಲಿತ್ತು. ಒಂದರಲ್ಲಿ ನನ್ನ ಫೋಟೋ ಸ್ಟುಡಿಯೋ, ಪಕ್ಕದ್ದರಲ್ಲಿ ಅಡಿವೆಪ್ಪನ ವಿಡಿಯೋ ಗೇಮಿನ ಅಂಗಡಿ. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ದಿನಗಳು. ಆಳೆತ್ತರದ ಯಂತ್ರಗಳ ಗಾಜಿನ ಹಿಂದೆ ಬಣ್ಣದ ಗೊಂಬೆಗಳು ಓಡುತ್ತಿದ್ದವು, ಜಿಗಿಯುತ್ತಿದ್ದವು, ಒಂದನ್ನೊಂದು ಒದೆಯುತ್ತಿದ್ದವು. ಯಂತ್ರದ ಸೀಳಿಗೆ ಬಿಲ್ಲೆ ಹಾಕಿದರೆ ಹಿಡಿಕೆ ನಿಮ್ಮದು, ಗುಂಡಿ ನಿಮ್ಮದು. ಮಂಗಳಾರತಿಯ ಹೊತ್ತಿಗೆ ಒಳಗಿನಿಂದ ಜಾಗಟೆ, ಹೊರಗಿನಿಂದ ಟುಂಯ್ ಟುಂಯ್. ಅಂಗಡಿ ತೆಗೆಸಬೇಕೆಂದು ಕಮಿಟಿಯ ಹಿರಿಯರು ದೂರು ತಂದಾಗ ಶ್ರೀಗಳು, "ಇರಲಿ ಬಿಡ್ರಿ, ಅದೂ ಒಂದು ನಾದನಽ" ಎಂದು ಅಪ್ಪಣೆ ಕೊಡಿಸಿದ್ದರು.

ಈ ಅಡಿವೆಪ್ಪನ ಅಣ್ಣ ಕಲ್ಲಪ್ಪ. ಟಂಟಂ ಎಂಬ ಮೂರು ಗಾಲಿಯ ಗಾಡಿ ಓಡಿಸುತ್ತಿದ್ದ ಗಟ್ಟಿ ಆಳು. ಅಂಗಡಿಯ ಮೊದಲ ಯಂತ್ರವನ್ನು ಹುಬ್ಬಳ್ಳಿಯಿಂದ ತರುವಾಗ ಗಾಡಿಯನ್ನು ಬೇರೆಯವನ ಕೈಗೆ ಕೊಟ್ಟು, ಗಾಜು ಒಡೆಯದಿರಲೆಂದು ತಾನು ಹಿಂದೆ ನಿಂತು ದಾರಿಯುದ್ದಕ್ಕೂ ಯಂತ್ರವನ್ನು ತಬ್ಬಿಕೊಂಡು ಬಂದಿದ್ದ. ಅವನ ಎರಡೂ ಕಿಡ್ನಿ ಕೆಟ್ಟವು. ಡಯಾಲಿಸಿಸ್ ಮಾಡಿಸಿಕೊಂಡು ಬಂದ ದಿನ ಬಾಗಿಲಿನಿಂದ ಹೊರಸಿನ ಮಂಚದವರೆಗೆ ನಡೆಯಲು ಗೋಡೆ ಹಿಡಿಯುವ ಸ್ಥಿತಿ. ಬೇರೆ ಕಿಡ್ನಿ ಹಾಕಬೇಕು, ಬೇಗನೆ ಹಾಕಬೇಕು ಎಂದರು ಡಾಕ್ಟರು. ಮನೆಯವರನ್ನೆಲ್ಲ ಪರೀಕ್ಷೆ ಮಾಡಿದಾಗ ಹೊಂದಿದ್ದು ತಮ್ಮನದೊಂದೇ.

ಕೊಡುವವರನ್ನು ದವಾಖಾನೆಯವರು ಒಬ್ಬರನ್ನೇ ಕೋಣೆಗೆ ಕರೆದು ಕೇಳುತ್ತಾರೆ. ಅಡಿವೆಪ್ಪನನ್ನೂ ಕೇಳಿದರು.

"ನೀವು ನಿಮ್ಮ ಸ್ವಂತ ಇಚ್ಛಾದಿಂದ ಕೊಡಾಕತ್ತೀರೇನು?"

"ಎಲ್ಲಾ ದೇವರ ಇಚ್ಛಾ ರೀ" ಎಂದನಂತೆ ಇವನು.

ಕನ್ನಡಕ ಹಾಕಿದ್ದ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ದೇವರ ಇಚ್ಛಾ ದೇವರನ್ನ ಕೇಳೋಣು. ನಿಮ್ಮದೇನು?"

ಇವನು ಕೆಳಗಿಟ್ಟ ಪೆನ್ನನ್ನೇ ನೋಡುತ್ತ ಕೂತ. "ಮನೀಗೆ ಹೋಗಿ ವಿಚಾರ ಮಾಡಿ ಸೋಮವಾರ ಬರ್ರಿ. ಒಲ್ಲೆ ಅಂದ್ರೂ ನಡೀತೈತಿ, ನಾವು ಯಾರಿಗೂ ಕಾರಣ ಹೇಳೂದಿಲ್ಲ" ಎಂದು ಕಳಿಸಿದರು.

ವಿಚಾರ ಮಾಡುವುದಕ್ಕೆ ಅಡಿವೆಪ್ಪ ಮನೆಯಲ್ಲಿ ಕೂತರಲ್ಲವೇ? ಊರೂರು ತಿರುಗಿ ದೇವರಿಗೆ ಹೂ ಕೇಳಲು ಹೊರಟ. ನಮ್ಮ ಕಡೆ ಈ ಪದ್ಧತಿ ಎಲ್ಲರಿಗೂ ಗೊತ್ತು. ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ದೇವರ ಬಲಕ್ಕೊಂದು ಎಡಕ್ಕೊಂದು ಅಂಟಿಸುತ್ತಾರೆ. ಮನಸ್ಸಿನಲ್ಲಿ ಕೇಳಿಕೊಂಡು ಕೈಮುಗಿದು ನಿಲ್ಲಬೇಕು. ಬಲದ ಎಸಳು ಮೊದಲು ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು. ಹೆಣ್ಣು ಕೊಡುವುದು, ಬಾವಿ ತೋಡಿಸುವುದು, ಎತ್ತು ಮಾರುವುದು ಎಲ್ಲ ಹೀಗೇ ನಡೆಯುತ್ತದೆ. ಕಿಡ್ನಿಯ ವಿಷಯ ಹೂವಿನ ತಲೆಗೆ ಬಂದದ್ದು ಅದೇ ಮೊದಲಿರಬೇಕು.

ಆಷಾಢದ ಗಾಳಿ ಊರನ್ನು ಹಿಡಿದು ಅಲ್ಲಾಡಿಸುತ್ತಿದ್ದ ಒಂದು ಮಧ್ಯಾಹ್ನ. ಚಪ್ಪರದ ತಗಡು ಬಡಿದುಕೊಳ್ಳುತ್ತಿತ್ತು. ಎಲೆಗಳು ಹಾರದಂತೆ ಶ್ರೀಗಳು ಕಟ್ಟಿನ ಮೇಲೆ ತಮ್ಮ ಪಾದವನ್ನೇ ಇಟ್ಟುಕೊಂಡು ಕಡ್ಡಿ ಚುಚ್ಚುತ್ತಿದ್ದರು. ನಾನು ಎಲೆ ಒರೆಸುತ್ತಿದ್ದೆ. ಅಂದರೆ ಒರೆಸುವವನಂತೆ ಕಾಣುತ್ತಿದ್ದೆ. ಅಡಿವೆಪ್ಪ ಬಂದ. ಸಾಷ್ಟಾಂಗ ಹಾಕಿದ, ಎದ್ದ, ಕೂತ, ಮತ್ತೆ ಎದ್ದ. ಅವನ ಬಲಗೈ ಹೆಬ್ಬೆರಳು ತೋರುಬೆರಳಿನ ಮೇಲೆ ಟಕಟಕ ಒತ್ತುತ್ತಲೇ ಇತ್ತು. ಗುಂಡಿ ಒತ್ತಿ ಒತ್ತಿ ಆ ಅಂಗಡಿಯವರಿಗೆಲ್ಲ ಅಂಟುವ ಚಾಳಿ ಅದು. ಆದರೆ ಅಂದು ಅದು ನಿಲ್ಲುತ್ತಲೇ ಇರಲಿಲ್ಲ.

"ಕೂಡ್ರಪಾ" ಎಂದರು ಶ್ರೀಗಳು.

"ಕೂಡ್ರಾಕ ಆಗವಲ್ದ್ರೀ ಅಜ್ಜಾರ. ಗುಡ್ಡದ ಈರಣ್ಣದೇವರಿಗೆ ಹೂ ಕೇಳಿದೆ, ಬಲಕ್ಕ ಬಿತ್ತು. ಕೊಡು ಅಂತ. ಆದ್ರ ಅದಽ ಹೊತ್ತಿಗೆ ಪೂಜಾರಿ ಕೆಮ್ಮಿದ. ಅದಕ್ಕ ಅದನ್ನ ಹಿಡಿಯಲಿಲ್ಲ. ಹೊಳಿದಂಡಿ ಅಮ್ಮಗ ಕೇಳಿದೆ, ಎಡಕ್ಕ ಬಿತ್ತು. ಬ್ಯಾಡ ಅಂತ. ಭಾಳ ಖುಷಿ ಆತ್ರೀ. ಬಸ್ ಹತ್ತಿದ ಮ್ಯಾಲ ವಾಂತಿ ಆತು."

"ಬಸ್ಸಿಗಿ ಆಗಿರಬೇಕು" ಎಂದೆ ನಾನು. ಶ್ರೀಗಳು ನನ್ನ ಕಡೆ ನೋಡಿದರು. ನಾನು ಎಲೆ ಒರೆಸತೊಡಗಿದೆ, ಈ ಸಲ ನಿಜವಾಗಿ.

"ಒಂದು ಅಲ್ಲಿ, ಒಂದು ಇಲ್ಲಿ" ಎಂದ ಅಡಿವೆಪ್ಪ. "ಈಗ ನಮ್ಮ ಗದ್ದಿಗಿ ಹೇಳಿದ್ದಽ ಖರೆ. ಅಪ್ಪಣಿ ಕೊಡ್ರಿ."

ಶ್ರೀಗಳು ಬೇಡವೆನ್ನಲಿಲ್ಲ. ಎಲೆ ಬದಿಗಿಟ್ಟು ಎದ್ದು ಬಂದರು. ಮಠದ ಪೂಜಾರಿ ಕಣಗಿಲೆಯ ಎಸಳು ಅದ್ದಿ ಗದ್ದುಗೆಯ ಬೆಳ್ಳಿ ಮುಖದ ಎರಡೂ ಬದಿಗೆ ಅಂಟಿಸಿದ. ಅಡಿವೆಪ್ಪ ಕಣ್ಣು ಮುಚ್ಚಿದ. ಹೊರಗೆ ಗಾಳಿ ಒಂದು ಬಕೀಟನ್ನು ಅಂಗಳದ ತುಂಬ ಉರುಳಿಸಾಡುತ್ತಿತ್ತು. ತುಸು ಹೊತ್ತಿನಲ್ಲಿ ಬಲದ ಎಸಳು ಜಾರಿ ಬಿತ್ತು.

"ಪ್ರಸಾದ ಆತು" ಎಂದ ಪೂಜಾರಿ.

ಅಡಿವೆಪ್ಪನ ಮುಖದಲ್ಲಿ ರಕ್ತ ಉಳಿಯಲಿಲ್ಲ. "ಗಾಳಿಗಿ ಬಿತ್ರೀ. ಬಾಗಿಲ ತೆರದೈತಿ ನೋಡ್ರಿ. ಬಾಗಿಲ ಹಾಕಿ ಇನ್ನೊಮ್ಮಿ ಕೇಳೋಣು."

"ಇದೇನು ನಿನ್ನ ಗೇಮೇನಪಾ, ಸೋತಾಗೊಮ್ಮಿ ಮೊದಲಿಂದ ಶುರು ಮಾಡಾಕ?" ಪೂಜಾರಿಗೆ ಸಿಟ್ಟು ಬಂತು.

ಶ್ರೀಗಳು ತಾವೇ ಹೋಗಿ ಬಾಗಿಲು ಮುಚ್ಚಿ ಅಗಳಿ ಹಾಕಿದರು. ಮತ್ತೆ ಎಸಳು ಅಂಟಿಸಿದ್ದಾಯಿತು. ಒಳಗೆ ನಂದಾದೀಪ ಅಲುಗದೆ ನಿಂತಿತು. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಡದ ಎಸಳು ಮೆಲ್ಲನೆ ಬಾಗಿ, ಒಂದು ಕ್ಷಣ ತೂಗಾಡಿ, ಬಿತ್ತು.

ನಾವೆಲ್ಲ ಅಡಿವೆಪ್ಪನನ್ನು ನೋಡಿದೆವು. ಅವನು ಕೇಳಿದ್ದು ಸಿಕ್ಕಿತ್ತು. ಬಿಡುಗಡೆ. ಆದರೆ ಅವನು ಆ ಎಸಳನ್ನು ಹಾವು ನೋಡಿದಂತೆ ನೋಡುತ್ತಿದ್ದ. "ಇನ್ನೊಂದಽ ಸಲ" ಎಂದ.

"ಈ ಸಲ ಗಾಳಿ ಇರಲಿಲ್ಲ" ಎಂದರು ಶ್ರೀಗಳು, ಬಲು ಮೆತ್ತಗೆ.

ಅಡಿವೆಪ್ಪ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟ. ಶ್ರೀಗಳು ಅವನ ಹೆಗಲು ಮುಟ್ಟಿ, ಯಾರೂ ಎಣಿಸಿರದ ಮಾತೊಂದನ್ನು ಆಡಿದರು. "ನಡಿ, ನಿನ್ನ ಅಂಗಡಿ ತೋರಸು. ಇಷ್ಟು ವರ್ಷ ಸಪ್ಪಳ ಕೇಳೀನಿ, ನೋಡೇ ಇಲ್ಲ."

ಪೂಜ್ಯರು ಗೇಮಿನ ಅಂಗಡಿಗೆ ದಯಮಾಡಿಸುತ್ತಾರೆಂದರೆ ಸಣ್ಣ ಮಾತೇ? ನಾನು ಓಡಿ ಕ್ಯಾಮೆರಾ ತಂದೆ. ಆ ಐತಿಹಾಸಿಕ ಫೋಟೋ ಇಂದಿಗೂ ನನ್ನ ಹತ್ತಿರ ಇದೆ. ಅದರಲ್ಲಿ ಶ್ರೀಗಳ ಬೆನ್ನು ಮತ್ತು ನನ್ನ ಹೆಬ್ಬೆರಳು ಬಹಳ ಸ್ಪಷ್ಟವಾಗಿ ಬಂದಿವೆ. ಕಾವಿ ಕಂಡದ್ದೇ ತಡ, ಆಡುತ್ತಿದ್ದ ಹುಡುಗರೆಲ್ಲ ಹೆಡ್‌ಮಾಸ್ತರರು ಬಂದಂತೆ ಚಪ್ಪಲಿ ಬಿಟ್ಟು ಓಡಿಹೋದರು. ಅಂಗಡಿಯೊಳಗೆ ಯಂತ್ರಗಳಷ್ಟೇ ಉಳಿದವು, ಎಲ್ಲವೂ ಬೆಳಗುತ್ತ, ಎಲ್ಲವೂ ಕುಣಿಯುತ್ತ.

ಶ್ರೀಗಳು ಒಂದು ಯಂತ್ರದ ಮುಂದೆ ನಿಂತರು. ಗಾಜಿನ ಹಿಂದೆ ಕೆಂಪು ಅಂಗಿಯ ಗೊಂಬೆಯೊಂದು ಕಂದಕ ಜಿಗಿಯುತ್ತ, ಉರುಳಿ ಬರುವ ಬಂಡೆಗಳನ್ನು ದಾಟುತ್ತ ಓಡುತ್ತಿತ್ತು. ಶ್ರೀಗಳು ಹಿಡಿಕೆ ಹಿಡಿದರು. ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಗೊಂಬೆ ಒಂದೂ ತಪ್ಪದೆ ಜಿಗಿಯುತ್ತಿತ್ತು. ಪೂಜ್ಯರ ಮುಖ ಮಗುವಿನ ಮುಖದಂತೆ ಅರಳಿತು.

"ನೋಡಪಾ, ಹೆಂಗ ಆಡಾಕತ್ತೀನಿ. ಒಮ್ಮಿನೂ ಬಿದ್ದಿಲ್ಲ."

ನನಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದಂತೆ ಮಾಡಿದೆ. ಅಡಿವೆಪ್ಪ ನಗಲಿಲ್ಲ. "ನೀವು ಆಡಾಕತ್ತಿಲ್ರೀ ಅಜ್ಜಾರ. ಬಿಲ್ಲೆ ಹಾಕಿಲ್ಲ. ಯಾರೂ ಇಲ್ಲದಾಗ ಗಿರಾಕಿ ಕರಿಯಾಕ ಅದು ತಾನಽ ಆಡಿ ತೋರಸ್ತೈತಿ. ಸಣ್ಣ ಹುಡುಗ್ರು ಹಿಂಗಽ ಬಂದು ಹಿಡಿಕಿ ಹಿಡಕೊಂಡು ನಾನಽ ಆಡಾಕತ್ತೀನಿ ಅಂತ ಕುಣೀತಾವು. ನಾ ಏನೂ ಅನ್ನೂದಿಲ್ಲ. ಪಾಪ, ಅವಕ್ಕ ಗೊತ್ತಿಲ್ಲ."

ಅಷ್ಟು ಹೇಳಿದವನು ಸುಮ್ಮನಾಗಲಿಲ್ಲ. ಒಳಗಿನ ಕಟ್ಟೆ ಒಡೆದಿತ್ತು. "ನಾವೂ ಹಿಂಗಽ ಅಲ್ರೀ? ಆಟ ಮಾಡಿದಾವ ಮ್ಯಾಲ ಅದಾನ. ಎಲ್ಲಿ ಕಂದಕ, ಎಲ್ಲಿ ಬಂಡಿಗಲ್ಲು, ಯಾವಾಗ ಜಿಗೀಬೇಕು ಎಲ್ಲಾ ಮೊದಲಽ ಹಾಕ್ಯಾನ. ನಮ್ಮಣ್ಣನ ಕಿಡ್ನಿ ಕೆಡೂದು ಹಾಕ್ಯಾನ, ನಂದು ಹೊಂದೂದು ಹಾಕ್ಯಾನ. ನಾವು ಸುಮ್ಮನ ಹಿಡಿಕಿ ಅಲ್ಲಾಡಸ್ತೀವಿ. ಹಂಗಿದ್ದ ಮ್ಯಾಲ ಆ ಡಾಕ್ಟರಮ್ಮ ನಿನ್ನ ಇಚ್ಛಾ ಏನು ಅಂತ ನನ್ನ ಯಾಕ ಕೇಳಬೇಕು? ಕೊಡಂಗಿದ್ರ ಅವನಽ ಕೊಡಸ್ತಾನ. ಸಾಯಂಗಿದ್ರ ಅವನಽ ಸಾಯಸ್ತಾನ. ನನ್ನ ಬಿಟ್ಟುಬಿಡ್ರಿ ಅಂತೀನಿ."

ಮಹಾ ಮಹಾ ಪಂಡಿತರು ಆ ಪೀಠದ ಮುಂದೆ ಕೂತು ಇದೇ ಪ್ರಶ್ನೆಯನ್ನು ದೊಡ್ಡ ದೊಡ್ಡ ಶಬ್ದಗಳಲ್ಲಿ ಕೇಳಿದ್ದನ್ನು ನಾನು ಕಂಡಿದ್ದೇನೆ. ಶ್ರೀಗಳು ಅವರ ಕೈಗೂ ಎಲೆ ಕೊಟ್ಟಿದ್ದರು. ಇಲ್ಲಿ ಎಲೆ ಇರಲಿಲ್ಲ.

"ಬಿಲ್ಲೆ ಹಾಕು" ಎಂದರು.

ಅಡಿವೆಪ್ಪ ಬಿಲ್ಲೆ ಹಾಕಿದ. ಟುಂಯ್ ಎಂದಿತು. ಅಷ್ಟು ಹೊತ್ತು ಹಕ್ಕಿಯಂತೆ ಹಾರುತ್ತಿದ್ದ ಗೊಂಬೆ ಈಗ ಕಂದಕದ ಈಚೆ ಬಂದು ಸುಮ್ಮನೆ ನಿಂತಿತು.

"ನಿಂತೈತಲ್ಲ?"

"ನೀವು ನಡಸಬೇಕ್ರೀ ಈಗ."

ಶ್ರೀಗಳು ಹಿಡಿಕೆ ಒತ್ತಿದರು. ಗೊಂಬೆ ಎರಡು ಹೆಜ್ಜೆ ಹಾಕಿ ನೇರವಾಗಿ ಕಂದಕಕ್ಕೆ ಬಿತ್ತು. ಮತ್ತೊಂದು ಗೊಂಬೆ ಬಂದು ನಿಂತಿತು. ಆಚೆಯಿಂದ ಬಂಡೆ ಉರುಳಿಬಂತು. ಎಷ್ಟೋ ಜನರ ತಲೆಯ ಮೇಲೆ ಅಭಯವಾಗಿ ಇಳಿದ ಆ ಕೈ ಯಾವ ಗುಂಡಿ ಒತ್ತಬೇಕೆಂದು ತಡಕಾಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಹಣೆಯ ವಿಭೂತಿಯಡಿಯಲ್ಲಿ ಬೆವರು ಒಡೆಯಿತು. ಒತ್ತಬೇಕೆನ್ನುವಷ್ಟರಲ್ಲಿ ಬಂಡೆ ಗೊಂಬೆಯನ್ನು ಅಪ್ಪಚ್ಚಿ ಮಾಡಿ ಹೋಯಿತು.

ಶ್ರೀಗಳು ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಡಿವೆಪ್ಪಾ, ಮೊದಲ ಆಡುವಾಗ ಹಿಂಗಾಗಲಿಲ್ಲಪಾ. ಈಗ ಎದಿ ಡವಡವ ಅನ್ನಾಕತ್ತೈತಿ. ಯಾಕಿರಬೇಕು?"

"ಮೊದಲ ನೀವು ಆಡಾಕತ್ತಿದ್ದಿಲ್ಲಲ್ರೀ" ಎಂದ ಅಡಿವೆಪ್ಪ, ಅಂಗಡಿಯಲ್ಲಿ ದಿನಾ ಹೇಳುವ ಮಾತನ್ನು ಹೇಳುವವನಂತೆ. "ತಾನಽ ಆಡೂದಕ್ಕ ಯಾರಿಗೆ ಹೆದರಿಕಿ ಬರ್ತೈತ್ರೀ? ಈಗ ನಿಮ್ಮ ಕೈಯಾಗೈತಿ."

ಶ್ರೀಗಳು ಅವನ ಕಡೆ ತಿರುಗಿದರು.

"ನಿನ್ನ ಎದಿ ಹೆಂಗೈತಪಾ?"

ಬಾಗಿಲಿನ ಪರದೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಉಳಿದ ಯಂತ್ರಗಳೆಲ್ಲ ಯಾರಿಗಾಗಿಯೋ ಕುಣಿಯುತ್ತಿದ್ದವು. ಅಡಿವೆಪ್ಪನ ಹೆಬ್ಬೆರಳು ನಿಂತಿತ್ತು. ನಾನು ಅದನ್ನೇ ನೋಡುತ್ತಿದ್ದೆ, ಆದ್ದರಿಂದ ಈ ಮಾತಿನಲ್ಲಿ ಸಂಶಯ ಬೇಡ.

ಅಷ್ಟರಲ್ಲಿ ಮೂರನೆಯ ಗೊಂಬೆಯನ್ನೂ ಬಂಡೆ ತಿಂದಿತು. ಯಂತ್ರವೇನು ನಮ್ಮ ತತ್ತ್ವಕ್ಕಾಗಿ ಕಾಯುತ್ತದೆಯೇ? ಗಾಜು ಕಪ್ಪಾಯಿತು. ನಡುವೆ ದೊಡ್ಡ ಅಂಕಿಯೊಂದು ಮೂಡಿ ಒಂದೊಂದಾಗಿ ಇಳಿಯತೊಡಗಿತು.

"ಇದೇನಿದು?" ಎಂದರು ಶ್ರೀಗಳು.

"ಇನ್ನೂ ಆಡ್ತೀರೇನು ಅಂತ ಕೇಳಾಕತ್ತೈತ್ರೀ. ಆ ಅಂಕಿ ಮುಗಿಯೂದರೊಳಗ ಹೇಳಬೇಕು."

"ಕೇಳ್ತೈತೇನು?"

"ಹೌದ್ರೀ."

"ಆಟ ಮಾಡಿದಾವಗ ತಾನಽ ಆಡೂ ಶಕ್ತಿ ಐತಿ. ಆಗಳೆ ಆಡಿ ತೋರಸಿದ, ಒಮ್ಮಿನೂ ಬೀಳಲಿಲ್ಲ" ಎಂದು ಶ್ರೀಗಳು ಗಾಜಿನ ಮೇಲೆ ಬೆರಳಿಟ್ಟರು. "ಅಷ್ಟು ಬಲ್ಲಾವ, ಬಿಲ್ಲೆ ಬಿದ್ದ ಮ್ಯಾಲ ಕೈ ತಗದು ನಿಂತಾನ. ಬೀಳೂ ನಮ್ಮಂಥಾವರಿಗಿ ಬಿಟ್ಟುಕೊಟ್ಟು, ನಿಂತು ಕೇಳಾಕತ್ತಾನ ನೋಡು."

ಅಡಿವೆಪ್ಪನ ಕಣ್ಣು ಆ ಇಳಿಯುವ ಅಂಕಿಯ ಮೇಲೆ ನೆಟ್ಟಿತ್ತು. "ಒಲ್ಲೆ ಅಂದ್ರ?"

"ಒಲ್ಲೆ ಅಂದ್ರ ಒಲ್ಲೆ. ಸಿಟ್ಟಾಗೂದಿಲ್ಲ ಅವ. ನಾನೂ ಆಗೂದಿಲ್ಲ. ಆದ್ರ ನೀನಽ ಅನ್ನಬೇಕು. ಹೂವಿನ ಕೈಲಿ ಅನಸಬ್ಯಾಡ."

ಅಂಕಿ ಮುಗಿಯಿತು. ಯಂತ್ರ ಮತ್ತೆ ತಾನೇ ಆಡತೊಡಗಿತು. ಶ್ರೀಗಳು ಹಿಡಿಕೆಗೆ ಕೈಮುಗಿದು, ತಮ್ಮ ಎಲೆಗಳು ಹಾರಿಹೋದಾವೆಂದು ಲಗುಬಗೆಯಿಂದ ಹೊರಟುಹೋದರು.

ಅಡಿವೆಪ್ಪ ಅಂಗಡಿಯ ಬಾಗಿಲೆಳೆದು ಸೀದಾ ಅಣ್ಣನ ಮನೆಗೆ ನಡೆದ. ಯಾರೂ ಕರೆಯದಿದ್ದರೂ ನಾನೂ ಹಿಂದೆ ಹೋದೆ. ಇಂಥ ಹೊತ್ತಿನಲ್ಲಿ ಕರೆಯಲಿ ಎಂದು ಕಾಯುತ್ತ ಕೂತರೆ ಭಕ್ತರಿಗೆ ನಾಳೆ ಪ್ರಸಂಗ ಹೇಳುವವರಾರು?

ಕಲ್ಲಪ್ಪ ಹೊರಸಿನ ಮೇಲೆ ಒರಗಿ, ಒಂದು ಸಣ್ಣ ಲೋಟದಲ್ಲಿ ಅಳೆದು ಕೊಟ್ಟ ನೀರನ್ನು ಗುಟುಕು ಗುಟುಕಾಗಿ ಉಳಿಸಿಕೊಂಡು ಕುಡಿಯುತ್ತಿದ್ದ. ಮುಖ ಬಾತಿತ್ತು. ತಮ್ಮ ಹೋಗಿ ಕಾಲ ಬಳಿ ಕೂತ. ಬಹಳ ದಿನಗಳ ಮೇಲೆ ಅವನು ಸುಮ್ಮನೆ ಕೂತದ್ದನ್ನು ಕಂಡೆ.

"ಯಣ್ಣಾ, ನನಗ ಹೆದರಿಕಿ ಆಗೇತಿ."

"ಊರಾಗಿನ ದೇವರಿಗೆಲ್ಲ ಗೊತ್ತಾಗೇತಿ, ನನಗ ಗೊತ್ತಿಲ್ಲೇನಲೇ?" ಎಂದ ಕಲ್ಲಪ್ಪ. ನಗಲು ಹೋಗಿ ಏದುಸಿರು ಬಂತು. ಲೋಟ ಕೆಳಗಿಟ್ಟ. "ಬ್ಯಾಡ ಬಿಡು ತಮ್ಮಾ. ನಿನಗೂ ಹೆಣ್ತಿ ಅದಾಳ, ಕೂಸು ಐತಿ. ನಾ ಯಾವತ್ತರ ಕೇಳೇನೇನು ನಿನ್ನ?"

"ನೀ ಬ್ಯಾಡ ಅನ್ನಬ್ಯಾಡ."

"ಯಾಕ?"

"ನೀ ಬ್ಯಾಡ ಅಂದ್ರ ನಾ ಅದನ್ನಽ ಹಿಡಕೊಂಡು ಓಡಿಹೋಗ್ತೀನಿ. ಜಲಮ ಪೂರ್ತಿ ನಮ್ಮಣ್ಣನಽ ಬ್ಯಾಡ ಅಂದ ಅಂತ ಹೇಳಕೋತ ತಿರಗ್ತೀನಿ. ನೀನೂ ಅನಬ್ಯಾಡ, ದೇವರೂ ಅನಬಾರದು. ನನಗಷ್ಟು ಬಿಡ್ರಿ."

ಕಲ್ಲಪ್ಪ ತಮ್ಮನನ್ನು ತುಂಬ ಹೊತ್ತು ನೋಡಿದ. "ಆತು ಬಿಡಪಾ" ಎಂದ. ಅಡಿವೆಪ್ಪ ಅಣ್ಣನ ಬಾತ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಒತ್ತುತ್ತ ಕೂತ. ಒತ್ತಿದಲ್ಲೆಲ್ಲ ಗುಳಿ ಬೀಳುತ್ತಿತ್ತು. ಗುಳಿ ತುಂಬಿಕೊಳ್ಳುವವರೆಗೆ ಅವನು ನೋಡುತ್ತಿದ್ದ, ಮತ್ತೊಂದು ಕಡೆ ಒತ್ತುತ್ತಿದ್ದ. ಆ ಸಂಜೆ ಅವನ ಒಳಗೆ ಏನು ನಡೆಯಿತೆಂದು ನಾನು ಬಣ್ಣ ಕಟ್ಟಿ ಹೇಳಬಲ್ಲೆ, ಅದು ನನಗೆ ಕಷ್ಟವಲ್ಲ. ಆದರೆ ನನಗೆ ಗೊತ್ತಿಲ್ಲ.

ಸೋಮವಾರ ಅವನ ಹೆಂಡತಿ ನೀಲವ್ವನೂ ನಾನೂ ಅವನ ಜೊತೆ ಹುಬ್ಬಳ್ಳಿಗೆ ಹೋದೆವು. ಬಸ್ಸಿನಲ್ಲಿ ಅವನು ಮೂರು ಸೀಟು ಬದಲಿಸಿದ. ದವಾಖಾನೆಯ ಮೆಟ್ಟಿಲ ಮೇಲೆ ಬೆವೆತು ಒಮ್ಮೆ ಕುಸಿದು ಕೂತ, ನೀಲವ್ವ ಸೆರಗಿನಿಂದ ಗಾಳಿ ಹಾಕಿದಳು. "ವಾಪಸ್ ಹೋಗೂನೇನ್ರಿ?" ಎಂದು ಕೇಳಿದಳು, ಬಯ್ಯದೆ, ಒತ್ತಾಯಿಸದೆ. ಅವನು ಎದ್ದು ಒಳಗೆ ಹೋದ. ಕೋಣೆಗೆ ಅವನೊಬ್ಬನನ್ನೇ ಬಿಟ್ಟರು. ಬಾಗಿಲಿನ ಸಂದಿಗೆ ಕಿವಿ ಹಚ್ಚುವುದು ಪಾಪವಾದರೆ ಆ ಪಾಪ ನನಗಿರಲಿ, ಅದರಿಂದ ಹುಟ್ಟಿದ ಪುಣ್ಯ ಓದುವ ಸದ್ಭಕ್ತರಿಗಿರಲಿ.

"ಇವತ್ತೂ ಹೆದರಿಕಿ ಆಗೇತೇನು?" ಎಂದು ಕೇಳಿದ್ದು ಡಾಕ್ಟರಮ್ಮನ ದನಿ.

"ಆಗೇತ್ರಿ. ಭಾಳ ಆಗೇತಿ."

"ಮತ್ತ ಹೆಂಗ ಕೊಡ್ತೀರಿ? ಯಾರರ ಅಂಜಿಸ್ಯಾರೇನು? ಮಠದವರು, ಮನಿಯವರು?"

"ಯಾರೂ ಇಲ್ರೀ. ನೀ ಒಲ್ಲೆ ಅಂದ್ರೂ ನಡೀತೈತಿ ಅಂತ ಎಲ್ಲಾರೂ ಅಂದ್ರು. ಅದಽ ತ್ರಾಸ ಆತು ನೋಡ್ರಿ."

ಒಳಗೆ ಯಾರೋ ನಕ್ಕರು. ಆಮೇಲೆ ಕುರ್ಚಿ ಸರಿದ ಸಪ್ಪಳ. ಡಾಕ್ಟರಮ್ಮ ಮತ್ತೆ ಕೇಳಿದರು. "ಅಂದು ದೇವರ ಇಚ್ಛಾ ಅಂದ್ರಿ. ಇವತ್ತು ಯಾರ ಇಚ್ಛಾ ಅಂತ ಬರಕೊಳ್ಳಲಿ?"

ಅಷ್ಟರಲ್ಲಿ ನನ್ನ ಕಿವಿಯ ಮೇಲೆ ಇನ್ನೊಂದು ಕಿವಿ ಬಂದು ಒತ್ತಿತು. ನೀಲವ್ವನದು.

"ದೇವರು ಕೇಳಿದ ರೀ" ಎಂದ ಅಡಿವೆಪ್ಪ ಒಳಗಿನಿಂದ. "ನಾ ಹೂಂ ಅಂದೆ."